ಮನೆ ಶುಚಿ ಮಾಡಿದ ದಿನವೇ ಮಗನಿಗೆ ಉಬ್ಬಸ

ಪ್ರಶ್ನೆ: ನಮ್ಮ ಒಂಬತ್ತು ವರ್ಷದ ಮಗನಿಗೆ ಆಸ್ತಮಾ ಇದ್ದು, ವೈದ್ಯರು ಹೇಳಿದಂತೆ ಇನ್ಹೇಲರ್ ಕೊಡುತ್ತಿದ್ದೇವೆ. ಧೂಳು ಸೇರಬಾರದೆಂದು ದಿನಕ್ಕೆರಡು ಬಾರಿ ಗುಡಿಸಿ, ಫಿನಾಯಿಲ್ ಹಾಕಿ ಒರೆಸುತ್ತೇನೆ. ಭಾನುವಾರ ಬೆಳಿಗ್ಗೆ ಅಟ್ಟ, ಫ್ಯಾನು, ಪರದೆಗಳನ್ನೆಲ್ಲ ಕೊಡವುತ್ತೇವೆ. ಆದರೂ ಹೆಚ್ಚುಕಡಿಮೆ ಪ್ರತಿ ಭಾನುವಾರ ರಾತ್ರಿ ಅವನಿಗೆ ಉಬ್ಬಸ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಕೊರತೆ ಇರುವುದು ನಿಮ್ಮ ಶ್ರಮದಲ್ಲಲ್ಲ, ಶುಚಿ ಮಾಡುವ ಕ್ರಮದಲ್ಲಿ. ಒಣ ಪೊರಕೆಯಿಂದ ಗುಡಿಸಿದಾಗ, ಪರದೆ ಕೊಡವಿದಾಗ ಮೇಲೇಳುವ ನವುರಾದ ಧೂಳು ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತಿರುತ್ತದೆ. ಅಲರ್ಜಿಯಿರುವ ಶ್ವಾಸನಾಳ ಕೆರಳುವುದು ಕೂಡಲೇ ಒಮ್ಮೆ ಮಾತ್ರವಲ್ಲ, ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಮತ್ತೊಮ್ಮೆಯೂ ಕೆರಳಬಹುದಾದ್ದರಿಂದ, ಹಗಲಿನ ಧೂಳು ರಾತ್ರಿಯ ಉಬ್ಬಸವಾಗುವುದು ಸಾಧ್ಯ. ಕೊಡವುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಟ್ಟ ಇಳಿಸುವ ದಿನ ಮಗನನ್ನು ಕೆಲವು ಗಂಟೆ ಅಜ್ಜಿಯ ಮನೆಗೋ ನೆರೆಯವರಲ್ಲಿಗೋ ಕಳಿಸಿ.

ನೀವು ಹೇಳದೇ ಬಿಟ್ಟಿರುವುದು ಅವನ ಹಾಸಿಗೆಯನ್ನು. ನನಗೆ ಹೆಚ್ಚು ಅನುಮಾನವಿರುವುದು ಅದರ ಮೇಲೆಯೇ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ, ಸುಮಾರು 0.3 ಮಿಲಿಮೀಟರ್ ಉದ್ದದ ಧೂಳುನುಸಿಗಳು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಹಾಸಿಗೆ, ದಿಂಬುಗಳಲ್ಲಿ ಬದುಕುತ್ತವೆ. ಅಲರ್ಜಿಗೆ ಮುಖ್ಯ ಕಾರಣ ಅವುಗಳ ಹಿಕ್ಕೆಯಲ್ಲಿರುವ ಪ್ರೋಟೀನು. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದ ತೇವ ಅವುಗಳಿಗೆ ಅನುಕೂಲ. ಹಾಸಿಗೆ, ದಿಂಬುಗಳಿಗೆ ಒತ್ತು ನೇಯ್ಗೆಯ, ಜಿಪ್ ಇರುವ ಕವರ್ ಹಾಕಿ; ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆಯಿರಿ, ಏಕೆಂದರೆ ತಣ್ಣೀರಿನಲ್ಲಿ ಕೊಳೆ ಹೋದರೂ ನುಸಿ ಸಾಯುವುದಿಲ್ಲ. ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕುವ ಹಳೆಯ ರೂಢಿ ತೇವ ತೆಗೆಯಲು ಒಳ್ಳೆಯದೇ, ಆದರೆ ಕೋಲಿನಿಂದ ಬಡಿಯುವಾಗ ಮಗು ಹತ್ತಿರವಿರಬಾರದು.

ಫಿನಾಯಿಲಿನ ಘಾಟೂ ಕೆಲವರ ಶ್ವಾಸನಾಳವನ್ನು ಕೆರಳಿಸುವುದರಿಂದ ಸೋಪಿನ ನೀರು ಸಾಕು. ಬಚ್ಚಲಿಗೆ ಬಳಸುವ ಆಸಿಡ್ ಹಾಗೂ ಬ್ಲೀಚಿಂಗ್ ಪೌಡರ್ ಎಂದಿಗೂ ಒಟ್ಟುಸೇರದಿರಲಿ. ಅದರಿಂದ ಹೊರಡುವ ಕ್ಲೋರಿನ್ ಅನಿಲ ವಿಷ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿಗಳ ಹೊಗೆಯನ್ನೂ ನಿಲ್ಲಿಸಿ. ದೇವರ ಮುಂದೆ ದೀಪವೊಂದೇ ಉರಿದರೆ ಪೂಜೆಗೆ ಊನವಾಗದೆಂದು ಮನೆಯ ಹಿರಿಯರನ್ನು ಒಪ್ಪಿಸುವುದೇ ಇದರಲ್ಲಿ ಕಷ್ಟದ ಭಾಗವೆಂದು ನಾನು ಬಲ್ಲೆ. ಗೋಡೆಯಲ್ಲಿ ಬೂಷ್ಟು ಕಂಡರೆ ಮೊದಲು ನೀರಿನ ಸೋರಿಕೆಯನ್ನು ಸರಿಪಡಿಸಿ. ಮೇಲೆ ಬಣ್ಣ ಹೊಡೆದರೆ ಅದು ಮತ್ತೆ ಬರುತ್ತದೆ. ಜಿರಳೆಯೂ ಅಲರ್ಜಿಗೆ ಕಾರಣವಾದ್ದರಿಂದ ರಾತ್ರಿ ಎಂಜಲು ಪಾತ್ರೆಗಳನ್ನು ಹಾಗೇ ಬಿಡಬೇಡಿ.

ಇಷ್ಟಾದರೂ, ವಾರಕ್ಕೊಮ್ಮೆ ರಾತ್ರಿ ಉಬ್ಬಸ ಬರುತ್ತಿರುವುದು ಕಾಯಿಲೆ ಪೂರ್ತಿ ಹತೋಟಿಯಲ್ಲಿಲ್ಲವೆಂಬುದರ ಗುರುತು. ಮುಂದಿನ ಭಾನುವಾರದವರೆಗೆ ಕಾಯದೆ ವೈದ್ಯರನ್ನು ಕಾಣಿರಿ. ಹೋಗುವಾಗ ಇನ್ಹೇಲರನ್ನೂ ಒಯ್ದು, ಮಗ ಅದನ್ನು ಎಳೆದುಕೊಳ್ಳುವ ರೀತಿ ಸರಿಯಿದೆಯೇ ಎಂದು ಅವರೆದುರೇ ನೋಡಿಸಿ.