"ನಾನಿಲ್ಲದಿದ್ರೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲ್ಲ"

ಸಲಹೆಗೆಂದು ನನ್ನ ಬಳಿ ಬಂದ ಅಧಿಕಾರಿಯೊಬ್ಬರು ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿದ್ದು ಇದು: "ಮೇಡಂ, ನನ್ನ ಟೀಮಿನವರಿಗೆ ಹುರುಪು ತುಂಬೋದು ಹೇಗೆ, ಅಷ್ಟು ಹೇಳಿಬಿಡಿ. ನನಗೇನೂ ತೊಂದರೆ ಇಲ್ಲ."

ತೊಂದರೆ ಇಲ್ಲ ಎಂದವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. (ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ವಯಸ್ಸು 40ರ ಆಸುಪಾಸು. ವರದಿ ಸಿದ್ಧಪಡಿಸುವ ಎಂಟು ಜನರ ತಂಡಕ್ಕೆ ಮುಖ್ಯಸ್ಥರು. 12 ವರ್ಷ ತಾವೇ ವರದಿ ಬರೆದು, ಒಂದೂವರೆ ವರ್ಷದ ಹಿಂದೆ ಬಡ್ತಿ ಪಡೆದವರು. ಈಗ ರಾತ್ರಿ ನಿದ್ದೆ ಸರಿಯಾಗಿಲ್ಲ, ಮನೆಯಲ್ಲಿ ಎಲ್ಲದಕ್ಕೂ ಸಿಡುಕು. ತಂಡದವರ ಮೇಲೆ ದೂರುಗಳ ಪಟ್ಟಿಯೇ ಇತ್ತು: ಹೊತ್ತಾದ ಕೂಡಲೇ ಎದ್ದು ಹೋಗುತ್ತಾರೆ, ಮೀಟಿಂಗ್‌ನಲ್ಲಿ ಬಾಯಿ ಬಿಡುವುದಿಲ್ಲ, ಡ್ರಾಫ್ಟ್ ಅರೆಬರೆ ಮಾಡಿ ಕೊಡುತ್ತಾರೆ. "ಒಂದು ದಿನ ರಜೆ ಹಾಕಿದ್ರೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲ್ಲ ಮೇಡಂ."

ಅವರು ಸುಮ್ಮನೆ ಕೂತವರಲ್ಲ. ಪ್ರತಿ ತಿಂಗಳು ಒಬ್ಬರಿಗೆ ಬಹುಮಾನ ಇಟ್ಟರು. ಗಂಟೆಗಂಟೆಗೆ ಏನು ಮಾಡಿದೆವು ಎಂದು ಬರೆಯುವ ಶೀಟ್ ತಂದರು. ಬಹುಮಾನಕ್ಕೆ ಮೊದಲ ತಿಂಗಳು ಸ್ವಲ್ಪ ಗದ್ದಲ ಆಯಿತು. ಮೂರನೇ ತಿಂಗಳು ಗೆದ್ದವರೇ ಬಂದು, "ಸರ್, ಬೇರೆ ಯಾರಿಗಾದ್ರೂ ಕೊಡಿ" ಎಂದರಂತೆ.

ನಾನು ತಂಡದ ಬಗ್ಗೆ ಕೇಳುವುದು ಬಿಟ್ಟು ಬೇರೆ ಕಡೆಯಿಂದ ಹೋದೆ.

"ಅರೆಬರೆ ಡ್ರಾಫ್ಟ್ ಬಂದ್ರೆ ಏನು ಮಾಡ್ತೀರಿ?"

"ನಾನೇ ಸರಿ ಮಾಡ್ತೀನಿ. ರಾತ್ರಿ ಕೂತು."

"ಎಷ್ಟನ್ನ?"

"ಹೆಚ್ಚುಕಡಿಮೆ ಎಲ್ಲಾನೂ."

"ಚೆನ್ನಾಗಿರೋದನ್ನೂ?"

ಅವರು ನಕ್ಕರು. "ಚೆನ್ನಾಗಿದ್ರೂ ನನ್ನ ಕೈ ಸುಮ್ನಿರಲ್ಲ ಮೇಡಂ."

ಗಂಟು ಇಲ್ಲಿತ್ತು. ವಿಕ್ಟರ್ ವ್ರೂಮ್ ಎಂಬ ಮನಶ್ಶಾಸ್ತ್ರಜ್ಞರು 1964ರಲ್ಲಿ ಒಂದು ವಾದ ಮುಂದಿಟ್ಟರು. ಕೆಲಸಕ್ಕೆ ಮೈ ಬಗ್ಗಿಸುವ ಮೊದಲು ಮನುಷ್ಯ ಒಳಗೊಳಗೇ ಮೂರು ಲೆಕ್ಕ ಹಾಕುತ್ತಾನೆ. ಕಷ್ಟಪಟ್ಟರೆ ಕೆಲಸ ಚೆನ್ನಾಗಿ ಆಗುತ್ತಾ? ಚೆನ್ನಾಗಿ ಆದರೆ ಏನಾದರೂ ಸಿಗುತ್ತಾ? ಸಿಗುವುದು ನನಗೆ ಬೇಕಾದದ್ದೇನಾ? ಈ ಮೂರನ್ನೂ ಕೂಡಿಸುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಮುಗಿಯಿತು, ಉಳಿದೆರಡು ಎಷ್ಟಿದ್ದರೂ ಉತ್ತರ ಸೊನ್ನೆ.

ಇವರು ಬಹುಮಾನ ಇಟ್ಟು ಕೊನೆಯ ಎರಡನ್ನು ದೊಡ್ಡದು ಮಾಡಲು ಹೊರಟಿದ್ದರು. ಮೊದಲನೆಯದನ್ನು ರಾತ್ರಿ ಕೂತು ತಾವೇ ಸೊನ್ನೆ ಮಾಡುತ್ತಿದ್ದರು. ಹೇಗೆ ಬರೆದರೂ ಸರ್ ತಿದ್ದುತ್ತಾರೆ ಎಂದು ಗೊತ್ತಾದ ಮೇಲೆ ಯಾರು ತಾನೇ ಎರಡನೇ ಸಲ ಓದಿ ಕೊಡುತ್ತಾರೆ? (ಇದು ಮೊದಲ ಲೆಕ್ಕವೋ ಎರಡನೆಯದೋ ಎಂದು ತರಗತಿಯಲ್ಲಿ ವಾದ ಮಾಡಬಹುದು. ನನ್ನ ಮುಂದೆ ಕೂತವರಿಗೆ ಆ ವಾದ ಬೇಕಿರಲಿಲ್ಲ.) ಅವರು ಅರೆಬರೆ ಎಂದು ಕರೆದದ್ದು ಸೋಮಾರಿತನ ಅಲ್ಲ. ಎಂಟು ಜನ ಬುದ್ಧಿ ಇರುವವರು ಹಾಕಿದ ಸರಿಯಾದ ಲೆಕ್ಕ ಅದು.

ಅವರಿಗೆ ಕೋಪ ಬಂತು. "ಹಾಗಾದ್ರೆ ತಪ್ಪು ವರದಿ ಹೊರಗೆ ಹೋಗಲಿ ಅಂತೀರಾ?" ಎಂದರು. ಮುಂದಿನ ಭೇಟಿಯವರೆಗೆ ಡ್ರಾಫ್ಟ್ ತಿದ್ದದೇ ವಾಪಸ್ ಕೊಟ್ಟು ನೋಡಿ ಎಂದು ಹೇಳಿ ಕಳಿಸಿದೆ.

ಇಲ್ಲಿ ನಾನು ಎಡವಿದೆ. ಎರಡು ವಾರದ ನಂತರ ಬಂದವರು, "ನೀವು ಹೇಳಿದ ಹಾಗೆ ಕೈ ಬಿಟ್ಟೆ. ಎರಡು ವರದಿ ಕೆಟ್ಟವು" ಎಂದರು. ನಾನು ಹೇಳಿದ್ದು ವಾಪಸ್ ಕೊಡಿ ಎಂದು. ಅವರು ಮಾಡಿದ್ದು ಪೂರ್ತಿ ಬಿಟ್ಟುಬಿಡುವುದು. ಹಿಡಿದರೆ ಬಿಗಿಮುಷ್ಟಿ, ಬಿಟ್ಟರೆ ಬಟಾಬಯಲು! ಇಂಥವರಿಗೆ ಏನು ಮಾಡಬಾರದು ಎಂದಷ್ಟೇ ಹೇಳಿದರೆ ಸಾಲದು ಎಂದು ನನಗೆ ಹೊಳೆಯಬೇಕಿತ್ತು.

ಆಗ ಅವರಿಗೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು 1939ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ ಹೇಳಿದೆ. 10 ವರ್ಷದ ಹುಡುಗರ ಗುಂಪುಗಳು, ಮುಖವಾಡ ಮಾಡುವಂಥ ಕೆಲಸ, ಮೂರು ಬಗೆಯ ನಾಯಕರು. ಒಬ್ಬ ಎಲ್ಲವನ್ನೂ ತಾನೇ ಹೇಳಿ ಮಾಡಿಸುವವನು. ಇನ್ನೊಬ್ಬ ಕೂತು ಮಾತಾಡಿ ತೀರ್ಮಾನಿಸುವವನು. ಮೂರನೆಯವನು ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟವನು. ಮೊದಲನೆಯವನ ಗುಂಪು ಅವನ ಕಣ್ಣೆದುರು ಚೆನ್ನಾಗಿಯೇ ಕೆಲಸ ಮಾಡಿತು. ಅವನು ಕೋಣೆ ಬಿಟ್ಟು ಹೊರಗೆ ಹೋದ ಕೂಡಲೇ ಕೆಲಸ ಕುಸಿಯಿತು. ಎರಡನೆಯವನು ಹೋದಾಗ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಬಿಟ್ಟುಬಿಟ್ಟವನ ಗುಂಪಿನಲ್ಲಿ ಅವನು ಇದ್ದಾಗಲೂ ಕೆಲಸ ಅಷ್ಟಕ್ಕಷ್ಟೇ.

"ಹುಲ್ಲುಕಡ್ಡಿ..." ಎಂದು ತಮ್ಮ ಮಾತನ್ನೇ ನೆನೆದು ಸುಮ್ಮನಾದರು.

ಆ ದಿನ ಇನ್ನೊಂದು ಪ್ರಶ್ನೆ ಕೇಳಿದೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಇಂಜಿನಿಯರುಗಳು ಮತ್ತು ಅಕೌಂಟೆಂಟ್‌ಗಳಿಗೆ ಕೇಳಿ, 1959ರಲ್ಲಿ ಫಲಿತಾಂಶ ಪ್ರಕಟಿಸಿದ್ದ ಪ್ರಶ್ನೆಯೇ ಅದು: ಕೆಲಸದಲ್ಲಿ ನಿಮಗೆ ತುಂಬಾ ಖುಷಿ ಆದ ಒಂದು ಸಂದರ್ಭ ಹೇಳಿ. ಅವರು ಮೂರು ಹೇಳಿದರು. ಮೂರೂ ತಾವೇ ಬರೆದ ವರದಿಗಳ ಕಥೆ. ಬಡ್ತಿ ಸಿಕ್ಕ ಮೇಲಿನದು ಒಂದೂ ಇರಲಿಲ್ಲ. ಹರ್ಜ್‌ಬರ್ಗ್ ಕಂಡದ್ದೂ ಹೆಚ್ಚುಕಡಿಮೆ ಹೀಗೇ. ಸಂಬಳ, ಸೌಲಭ್ಯ, ಮೇಲಧಿಕಾರಿಯ ನಡವಳಿಕೆ ಕೆಟ್ಟರೆ ಜನ ಗೊಣಗುತ್ತಾರೆ. ಸರಿಯಾದರೆ ಗೊಣಗಾಟ ನಿಲ್ಲುತ್ತದೆ, ಉತ್ಸಾಹ ಬರುವುದಿಲ್ಲ. ಉತ್ಸಾಹ ಬರುವುದು ಕೆಲಸದಿಂದಲೇ, ಅದರಲ್ಲಿ ಗೆದ್ದ ಖುಷಿಯಿಂದ, ಅದನ್ನು ನಾಲ್ಕು ಜನ ಗುರುತಿಸಿದ್ದರಿಂದ.

"ರಾತ್ರಿ ತಿದ್ದುವಾಗ ಹೇಗನಿಸುತ್ತೆ?" ಎಂದೆ.

ತುಂಬಾ ಹೊತ್ತಿನ ನಂತರ ಹೇಳಿದರು: "ಆ ಒಂದು ಗಂಟೆ ಮಾತ್ರ ನಾನು ನಾನಾಗಿರ್ತೀನಿ."

ಹುರುಪು ಬತ್ತಿದ್ದು ತಂಡದಲ್ಲಿ ಮಾತ್ರ ಅಲ್ಲ. ಬಡ್ತಿಯ ಹೆಸರಲ್ಲಿ ಇವರ ಪ್ರೀತಿಯ ಕೆಲಸ ಕೈತಪ್ಪಿತ್ತು. ಅದನ್ನು ಇವರು ರಾತ್ರಿ ಹೊತ್ತು ತಂಡದವರಿಂದ ಕಿತ್ತುಕೊಳ್ಳುತ್ತಿದ್ದರು. ಬಡ್ತಿಗೆ ಎಲ್ಲರೂ ಅಭಿನಂದಿಸುತ್ತಾರೆ. ಕಳೆದುಕೊಂಡದ್ದಕ್ಕೆ ಬೇಜಾರಾಗಿದೆಯಾ ಎಂದು ಯಾರೂ ಕೇಳುವುದಿಲ್ಲ, ಅಲ್ವಾ?

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ ಅವರ ಬಗ್ಗೆ. ತಿಂಗಳಿಗೆ ಒಂದು ವರದಿ ನೀವೇ ಬರೆಯಿರಿ, ನಿಮ್ಮ ಹೆಸರಲ್ಲೇ, ಹಗಲು ಹೊತ್ತಲ್ಲಿ. ಕದ್ದು ಬರೆಯುವುದು ಬೇಡ. ಮಿಕ್ಕ ಡ್ರಾಫ್ಟ್‌ಗಳಲ್ಲಿ ಮೂರು ಗುರುತಿಗಿಂತ ಜಾಸ್ತಿ ಹಾಕಬೇಡಿ. ಏನು ತಪ್ಪು ಎಂದು ಬರೆಯಿರಿ, ಸರಿ ಉತ್ತರ ಬರೆಯಬೇಡಿ. ತಿದ್ದುವುದು ಬರೆದವರ ಕೆಲಸ, ಹೊರಗೆ ಹೋಗುವಾಗ ಹೆಸರೂ ಅವರದೇ.

ಎಂಟೂ ಜನರನ್ನು ಒಂದೇ ಹಗ್ಗದಲ್ಲಿ ಕಟ್ಟುವುದು ಬೇಡ ಎಂದೂ ಹೇಳಿದೆ. ಹೊಸಬರಾದ ಇಬ್ಬರ ಪಕ್ಕದಲ್ಲಿ ಕೂತು ತೋರಿಸಿಕೊಡಿ. ನಡುವಿನ ಮೂವರದನ್ನು ಅರ್ಧ ದಾರಿಯಲ್ಲಿ ಒಮ್ಮೆ ನೋಡಿ. ಪಳಗಿದ ಮೂವರಿಗೆ ಯಾವಾಗ ಬೇಕು ಎಂದಷ್ಟೇ ಹೇಳಿ. ಕೆಲಸ ಗೊತ್ತಿರುವಷ್ಟಕ್ಕೆ ತಕ್ಕಂತೆ ಹಿಡಿತ ಬದಲಿಸಬೇಕೆಂಬ ಮಾತನ್ನು ನಾಯಕತ್ವದ ಬಗ್ಗೆ ಬರೆದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಹೇಳಿದರು. ಆ ಸಿದ್ಧಾಂತವನ್ನು ಪೂರ್ತಿ ಬೆಂಬಲಿಸುವಷ್ಟು ಪುರಾವೆ ಸಂಶೋಧನೆಗಳಲ್ಲಿ ಸಿಕ್ಕಿಲ್ಲ. ಆದರೆ "ಈ ಮನುಷ್ಯನಿಗೆ ಈ ಕೆಲಸದಲ್ಲಿ ನಾನು ಎಷ್ಟು ಬೇಕು?" ಎಂದು ಕೇಳಿಕೊಳ್ಳಲು ಅದು ಸಾಕು.

ಗಂಟೆ ಶೀಟ್ ಮತ್ತು ಬಹುಮಾನ ಎರಡನ್ನೂ ನಿಲ್ಲಿಸಲು ಹೇಳಿದೆ. ಯಾಕೆ ಎಂದು ತಂಡಕ್ಕೆ ಬಾಯಿಬಿಟ್ಟು ಹೇಳಲೂ ಕೇಳಿಕೊಂಡೆ. ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. "ನಿಮ್ಮ ಡ್ರಾಫ್ಟ್‌ಗಳನ್ನ ನಾನು ಸುಮ್ನೆ ತಿದ್ದುತ್ತಿದ್ದೆ" ಎಂಬ ಒಂದು ವಾಕ್ಯವನ್ನು ನನ್ನ ಕೋಣೆಯಲ್ಲೇ ಐದಾರು ಸಲ ಹೇಳಿ ನೋಡಿದರು. ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ.

ನಾಲ್ಕನೇ ಭೇಟಿಗೆ ಬಂದಾಗ ಎಲ್ಲವೂ ಸರಿಹೋಗಿರಲಿಲ್ಲ. ಪಳಗಿದವರಲ್ಲಿ ಒಬ್ಬರು ಕೆಲಸ ಬಿಟ್ಟಿದ್ದರು, ಅವರು ಮೊದಲೇ ನಿರ್ಧರಿಸಿದ್ದರಂತೆ. ನಿದ್ದೆ ಪರವಾಗಿಲ್ಲ. ಒಂದು ಹೊಸ ದೂರು ಮಾತ್ರ ಇತ್ತು.

"ಈಗ ಎದುರು ಮಾತಾಡ್ತಾರೆ ಮೇಡಂ. ಒಂದು ವರ್ಷದಿಂದ ಬಾಯಿ ಬಿಡದ ಹುಡುಗಿ, 'ಸರ್, ನೀವು ಗುರುತು ಹಾಕಿದ್ದು ತಪ್ಪು, ನಾನು ಬರೆದದ್ದೇ ಸರಿ' ಅಂದುಬಿಟ್ಳು. ಎಲ್ಲರ ಎದುರು!"

"ಸರಿ ಇತ್ತಾ?"

"ಹ್ಞೂಂ. ನೋಡಿದ್ರೆ ಅವಳದೇ ಸರಿ."

"ಆಮೇಲೆ?"

"ಅವಳು ಬರೆದದ್ದನ್ನೇ ಕಳಿಸಿದೆ." ಸ್ವಲ್ಪ ತಡೆದು, ಕಿಟಕಿಯ ಕಡೆ ನೋಡುತ್ತಾ ಸೇರಿಸಿದರು: "ಒಂದು ಕಾಮಾ ಮಾತ್ರ ಬದಲಿಸಿದೆ ಮೇಡಂ."