ಟ್ರಂಕಿನಲ್ಲಿರುವ ಸೈನಿಕ ಕಾಲೇಜು: ಓದುಗರ ಪ್ರಶ್ನೆ, ನಮ್ಮ ಉತ್ತರ

ಡೆಹ್ರಾಡೂನಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜಿನ ಹಳೆಯ ದಾಖಲೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದ ಚಿಕ್ಕ ಟಿಪ್ಪಣಿಯನ್ನು ಓದಿ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತಾತ 1930ರ ದಶಕದಲ್ಲಿ ಡೆಹ್ರಾಡೂನಿನ ಈ ಕಾಲೇಜಿನಲ್ಲಿ ಓದಿದವರು. ಅವರ ಟ್ರಂಕಿನಲ್ಲಿ ಕೆಡೆಟ್‌ಗಳ ಗ್ರೂಪ್ ಫೋಟೋಗಳು, ಮನೆಗೆ ಬರೆದ ಕಾಗದಗಳು ಮತ್ತು ಒಂದು ವರದಿ ಪುಸ್ತಕ ಸಿಕ್ಕಿವೆ. ತಾತ ದೊಡ್ಡ ಹುದ್ದೆಗೇನೂ ಏರಲಿಲ್ಲ. ಇಂಥ ಮನೆಯ ಕಾಗದಗಳಿಗೆ ಬೆಲೆಯಿದೆಯೇ? ಕಾಲೇಜಿಗೆ ಕೊಡಬೇಕೇ, ನಾವೇ ಇಟ್ಟುಕೊಳ್ಳಬೇಕೇ? (ವಿರಾಜಪೇಟೆ)

ಉತ್ತರ: ಬೆಲೆ ಇದೆ, ಅದೂ ಬಹಳ ಇದೆ. ಯಾಕೆಂದು ತಿಳಿಯಲು ಆ ಕಾಲೇಜು ಹುಟ್ಟಿದ ಬಗೆಯನ್ನು ಸ್ವಲ್ಪ ನೆನೆಯಬೇಕು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಸೇನೆಯ ಅಧಿಕಾರಿಗಳನ್ನು ತಯಾರಿಸುವ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ಭಾರತೀಯರಿಗಾಗಿ ವರ್ಷಕ್ಕೆ 10 ಸ್ಥಾನಗಳನ್ನು ಬಿಟ್ಟುಕೊಡಲಾಯಿತು. ಆದರೆ ಇಲ್ಲಿಂದ ಹೋದ ಹುಡುಗರಲ್ಲಿ ಅನೇಕರು ಅಲ್ಲಿನ ಶಿಕ್ಷಣಕ್ಕೆ ಹೊಂದಿಕೊಳ್ಳಲಾರದೆ ಹಿಂದೆ ಬಿದ್ದರು. ಹೀಗಾಗಿ ಹುಡುಗರನ್ನು ಚಿಕ್ಕ ವಯಸ್ಸಿನಲ್ಲೇ ಆರಿಸಿ ತಯಾರು ಮಾಡುವ ಶಾಲೆಯೊಂದು ಬೇಕೆನಿಸಿ, ರಾಜಮನೆತನಗಳ ಯುವಕರಿಗೆ ಸೈನಿಕ ತರಬೇತಿ ಕೊಡುತ್ತಿದ್ದ ಇಂಪೀರಿಯಲ್ ಕೆಡೆಟ್ ಕೋರ್ ಇದ್ದ ಆವರಣದಲ್ಲಿ 1922ರ ಮಾರ್ಚ್ 13ರಂದು ಪ್ರಿನ್ಸ್ ಆಫ್ ವೇಲ್ಸ್ ಎಡ್ವರ್ಡ್ ಇದನ್ನು ಉದ್ಘಾಟಿಸಿದರು. ಕಾಲೇಜಿಗೆ ಆಗ ಇದ್ದದ್ದೂ ಅವರದೇ ಹೆಸರು: ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು.

ಈ ಕಥೆಯ ಸರ್ಕಾರಿ ಮುಖ ಕಳೆದುಹೋಗುವುದಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಮಿಲಿಟರಿ ಕಡತಗಳಲ್ಲಿ, ಸೇನೆಯಲ್ಲಿ ಭಾರತೀಯ ಅಧಿಕಾರಿಗಳನ್ನು ಹೆಚ್ಚಿಸುವ ಬಗೆಯನ್ನು ಪರಿಶೀಲಿಸಿದ, ಮೋತಿಲಾಲ್ ನೆಹರೂ ಮತ್ತು ಜಿನ್ನಾ ಸದಸ್ಯರಾಗಿದ್ದ ಸ್ಕೀನ್ ಸಮಿತಿಯ 1926ರ ವರದಿಯಲ್ಲಿ ಅದನ್ನು ಓದಬಹುದು. ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬ ಕಾಫಿ ತೋಟದ ಮನೆ ಬಿಟ್ಟು ರೈಲಿನಲ್ಲಿ ದಿನಗಟ್ಟಲೆ ಪ್ರಯಾಣಿಸಿ ಹಿಮಾಲಯದ ತಪ್ಪಲಿಗೆ ಹೋದಾಗ ಚಳಿ ಹೇಗೆ ಕೊರೆಯಿತು, ಊಟ ಸೇರಿತೋ ಇಲ್ಲವೋ, ಯಾವ ಭಾಷೆಯಲ್ಲಿ ಕನವರಿಸಿದ ಎಂಬುದನ್ನು ಮಾತ್ರ ಯಾವ ಕಡತವೂ ಹೇಳುವುದಿಲ್ಲ. ಅದನ್ನು ಹೇಳಬಲ್ಲವು ನಿಮ್ಮ ತಾತ ಮನೆಗೆ ಬರೆದಂಥ ಕಾಗದಗಳು. ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಕೂನೂರಿನಲ್ಲೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿ, ಈ ಕಾಲೇಜಿನ ಆರಂಭದ ದಿನಗಳಲ್ಲೇ ಅಲ್ಲಿ ಸೇರಿ, ಸ್ಯಾಂಡ್‌ಹರ್ಸ್ಟ್ ಮುಗಿಸಿ 1926ರಲ್ಲಿ ಅಧಿಕಾರಿಯಾದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಂಥವರ ನೆನಪನ್ನು ನಾಡು ತಾನಾಗಿ ಕಾಯುತ್ತದೆ. ಅದೇ ಬೆಂಚಿನಲ್ಲಿ ಕುಳಿತು, ಮುಂದೆ ಮೇಜರ್ ಆಗಿಯೇ ನಿವೃತ್ತರಾಗಿ ಊರಿಗೆ ಬಂದವರ ನೆನಪನ್ನು ಕಾಯಬೇಕಾದವರು ಮನೆಯವರು. ಅವರನ್ನು ಬಿಟ್ಟರೆ ಕಾಲೇಜಿನ ಚರಿತ್ರೆ ನಾಲ್ಕಾರು ಜನರಲ್‌ಗಳ ಚರಿತ್ರೆಯಾಗಿಬಿಡುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕೊಡುವ ಮಾತು ಆಮೇಲಿರಲಿ. ಮೊದಲು ಟ್ರಂಕಿನಲ್ಲಿ ಯಾವುದು ಯಾವುದರ ಜೊತೆಗಿತ್ತೋ ಆ ಕ್ರಮವನ್ನು ಕೆಡಿಸದೆ ಒಂದು ಪಟ್ಟಿ ಬರೆಯಿರಿ. ಒಂದೇ ದಾರದಲ್ಲಿ ಕಟ್ಟಿದ್ದ ಕಾಗದಗಳು ಒಟ್ಟಿಗಿದ್ದುದಕ್ಕೆ ಕಾರಣವಿರುತ್ತದೆ. ತಾರೀಖಿನ ಪ್ರಕಾರ ಜೋಡಿಸುವ ಉತ್ಸಾಹದಲ್ಲಿ ಆ ಕಟ್ಟನ್ನು ಬಿಚ್ಚಿ ಹರಡಿದರೆ ಕಾರಣ ಅಳಿಸಿಹೋಗುತ್ತದೆ. ಫೋಟೋಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಆ ಕಾಲದ ಗ್ರೂಪ್ ಫೋಟೋವನ್ನು ದಪ್ಪ ರಟ್ಟಿಗೆ ಅಂಟಿಸಿ, ಕೆಳಗಿನ ಅಂಚಿನಲ್ಲಿ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಸಾಲಾಗಿ ಹೆಸರುಗಳನ್ನು ಅಚ್ಚು ಹಾಕಿಸುತ್ತಿದ್ದರು. ಒಂದು ಮನೆಯಲ್ಲಿ ನಾನು ನೋಡಿದ ಫೋಟೋದಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗರಿದ್ದರು, ಒಬ್ಬೊಬ್ಬರ ಬೆಲ್ಟಿನ ಬಕಲ್ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಹೊಸ ಚೌಕಟ್ಟಿನೊಳಗೆ ಕೂರಲಿಲ್ಲವೆಂದು ಕಟ್ಟು ಹಾಕುವವರು ರಟ್ಟಿನ ಕೆಳಗಿನ ಎರಡು ಬೆರಳಗಲವನ್ನು ಕತ್ತರಿಸಿದ್ದರು. ಹೆಸರುಗಳಿದ್ದದ್ದು ಅಲ್ಲೇ. ಮನೆಯ ಹಿರಿಯರು ತಮ್ಮ ಅಣ್ಣನನ್ನು ಗುರುತಿಸಿದರು, ಉಳಿದವರನ್ನು ಗುರುತಿಸುವವರು ಯಾರೂ ಇರಲಿಲ್ಲ. ಆ ಸಂಜೆಯ ಸಂಕಟ ಇನ್ನೂ ಹೋಗಿಲ್ಲ. ಆದ್ದರಿಂದ ಮುಖಗಳನ್ನು ಗುರುತಿಸಬಲ್ಲ ಹಿರಿಯರು ನಿಮ್ಮ ಕುಟುಂಬದಲ್ಲಿ ಯಾರೇ ಇದ್ದರೂ ಈ ವಾರವೇ ಫೋಟೋದ ನಕಲನ್ನು ಅವರ ಮುಂದಿಟ್ಟು, ಅವರು ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಿರಿ.

ಇದೆಲ್ಲ ಆದ ಮೇಲೆ ಮೂಲವನ್ನು ಸಂಸ್ಥೆಗೆ ಕೊಟ್ಟು ನಕಲನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಕೊಡಗಿನ ಮಳೆಗಾಲದ ತೇವ ಕಾಗದವನ್ನು ಬಹಳ ಕಾಲ ಬಾಳಗೊಡುವುದಿಲ್ಲ. ಕೊಡುವಾಗ ದಾನಪತ್ರ ಬರೆಸಿಕೊಳ್ಳಿ. ಸಂಗ್ರಹವನ್ನು ಒಡೆಯದೆ ತಾತನ ಹೆಸರಿನಲ್ಲಿ ಒಟ್ಟಾಗಿಯೇ ಇಡಬೇಕು, ಓದುಗರಿಗೆ ತೆರೆದಿರಬೇಕು ಎಂಬ ಎರಡು ಮಾತು ಅದರಲ್ಲಿರಲಿ. ಅಣ್ಣತಮ್ಮಂದಿರು ನೆನಪಿಗೆಂದು ಒಂದೊಂದನ್ನು ಹಂಚಿಕೊಳ್ಳುವುದು ಮಾತ್ರ ಬೇಡ.

ಪ್ರಶ್ನೆ: ಹರಿದ ಪತ್ರಗಳಿಗೆ ಸೆಲ್ಲೋಟೇಪ್ ಹಚ್ಚಿ ಲ್ಯಾಮಿನೇಷನ್ ಮಾಡಿಸಬಹುದೇ? (ಮೈಸೂರು)

ಉತ್ತರ: ಎರಡೂ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಾಗದದೊಳಕ್ಕೆ ಇಳಿಯುತ್ತದೆ. ಅಂಗಡಿಯ ಲ್ಯಾಮಿನೇಷನ್ ಶಾಖಕ್ಕೆ ಕರಗಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಬೆಸೆಯುತ್ತದೆ, ಮತ್ತೆ ಅದನ್ನು ಬಿಡಿಸಲು ಬರುವುದಿಲ್ಲ. ತುಕ್ಕು ಹಿಡಿದ ಗುಂಡುಸೂಜಿ, ಪಿನ್ನುಗಳನ್ನು ನಿಧಾನವಾಗಿ ತೆಗೆದು, ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಚಪ್ಪಟೆಯಾಗಿ ಇಡಿ. ಗುರುತು ಹಾಕಬೇಕಿದ್ದರೆ ಮೃದುವಾದ ಪೆನ್ಸಿಲ್ ಬಳಸಿ. ಪೆಟ್ಟಿಗೆಯನ್ನು ಅಟ್ಟದ ಮೇಲಾಗಲಿ ಹೊರಗೋಡೆಗೆ ತಾಗಿಸಿಯಾಗಲಿ ಇಡದೆ, ಮನೆಯ ಒಳಕೋಣೆಯಲ್ಲಿ ನೆಲದಿಂದ ಮೇಲೆ ಇಟ್ಟು ಮಳೆಗಾಲದಲ್ಲಿ ಆಗಾಗ ತೆರೆದು ನೋಡುತ್ತಿರಿ. ಗೆದ್ದಲು ಮತ್ತು ಬೂಸ್ಟಿನ ವಿಷಯದಲ್ಲಿ ನುಸಿಗುಳಿಗೆಗಿಂತ ಕಣ್ಣಿನ ಕಾವಲೇ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ನಾವು ಕೆಲವರು ಮಿಲಿಟರಿ ಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯ ಚರಿತ್ರೆಯ ದಾಖಲೆ ಸಂಗ್ರಹ ಆರಂಭಿಸಬೇಕೆಂದಿದ್ದೇವೆ. ಮೊದಲು ಒಳ್ಳೆಯ ಸ್ಕ್ಯಾನರ್ ಕೊಳ್ಳಬೇಕೇ? (ಬೆಳಗಾವಿ)

ಉತ್ತರ: ಸ್ಕ್ಯಾನರ್ ಕೊನೆಗೆ ಬರಲಿ. ಪಟ್ಟಿಯಿಲ್ಲದೆ ಸ್ಕ್ಯಾನ್ ಮಾಡಿದ ಸಾವಿರ ಚಿತ್ರಗಳು ಬೀಗದ ಕೈ ಕಳೆದ ಬೀರುವಿನಂತೆ. ಮೊದಲು ಶಾಲೆಯ ಹೆಸರುಗಳ ವಂಶಾವಳಿಯನ್ನು ಬರೆದುಕೊಳ್ಳಿ. ಬೆಳಗಾವಿ ಮತ್ತು ಬೆಂಗಳೂರಿನ ಶಾಲೆಗಳು 1940ರ ದಶಕದ ನಡುವೆ ಕಿಂಗ್ ಜಾರ್ಜ್ ಹೆಸರಿನಲ್ಲಿ ಹುಟ್ಟಿ, ಆಮೇಲೆ ಮಿಲಿಟರಿ ಸ್ಕೂಲ್ ಎನಿಸಿಕೊಂಡು, 2007ರಿಂದ ರಾಷ್ಟ್ರೀಯ ಮಿಲಿಟರಿ ಸ್ಕೂಲ್ ಎಂಬ ಹೆಸರು ಹೊತ್ತಿವೆ. ಅಲ್ಲಿ ಓದಿದವರು ಇಂದಿಗೂ ತಮ್ಮನ್ನು ಜಾರ್ಜಿಯನ್ಸ್ ಎಂದೇ ಕರೆದುಕೊಳ್ಳುತ್ತಾರೆ. ಈಗಿನ ಹೆಸರಿನಲ್ಲಿ ಹುಡುಕಿದವರಿಗೆ ಹಳೆಯ ಕಡತ ಸಿಗುವುದಿಲ್ಲ. ಊರಿನ ಹೆಸರು, ಆಡಳಿತದ ಹೆಸರುಗಳಿಗೂ ಈ ಮಾತು ಸಲ್ಲುತ್ತದೆ: 1940ರವರೆಗೆ ಮೈಸೂರಿನ ರೆಸಿಡೆಂಟರೇ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿದ್ದುದರಿಂದ, ಅಂದು ಡೆಹ್ರಾಡೂನಿಗೆ ಹೋದ ಕೊಡಗಿನ ಹುಡುಗನ ಜಾಡನ್ನು ರೆಸಿಡೆನ್ಸಿಯ ಕಡತಗಳಲ್ಲೂ ಅರಸಬೇಕಾಗುತ್ತದೆ.

ಎರಡನೆಯದಾಗಿ, ಶಾಲೆಯ ದಾಖಲಾತಿ ಪುಸ್ತಕ, ಆದೇಶಗಳ ಕಡತ ಮುಂತಾದವು ರಕ್ಷಣಾ ಸಚಿವಾಲಯದ ಅಧೀನದ ಸಂಸ್ಥೆಯ ಸಾರ್ವಜನಿಕ ದಾಖಲೆಗಳು. ಅವಕ್ಕೆ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಅನ್ವಯಿಸುತ್ತದೆ. ನಿಯಮ ಮೀರಿ ನಾಶ ಮಾಡುವುದಾಗಲಿ ದೇಶದ ಹೊರಗೆ ಸಾಗಿಸುವುದಾಗಲಿ ಅಪರಾಧ. ಪ್ರೀತಿಯಿಂದಲೇ ಆದರೂ ಅವನ್ನು ಮನೆಗೆ ಒಯ್ಯಬೇಡಿ, ಶಾಲೆಯ ಅನುಮತಿ ಪಡೆದು ಅಲ್ಲಿಯೇ ಕೆಲಸ ಮಾಡಿ. ನೀವು ಸ್ವತಂತ್ರವಾಗಿ ಕೂಡಿಸಬಹುದಾದದ್ದು ಶಾಲಾ ಪತ್ರಿಕೆಯ ಹಳೆಯ ಸಂಚಿಕೆಗಳು, ಕ್ರೀಡಾಕೂಟದ ಕರಪತ್ರಗಳು, ಡೈರಿಗಳು, ಪತ್ರಗಳು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ದನಿಗಳು. ಹಳೆಯ ಕೆಡೆಟ್‌ಗಳನ್ನಷ್ಟೇ ಮಾತನಾಡಿಸಿ ಸುಮ್ಮನಾಗಬೇಡಿ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುತ್ತಿದ್ದ ಮೆಸ್ಸಿನ ಅಡುಗೆಯವರು, ಪಿ.ಟಿ. ಉಸ್ತಾದರು, ಕ್ಷೌರಿಕರು, ದೋಬಿಗಳು, ಮೇಷ್ಟ್ರ ಮನೆಯವರು ಕಂಡ ಶಾಲೆಯೇ ಬೇರೆ. ಅವರ ಹೆಸರು ಯಾವ ಗೌರವ ಫಲಕದಲ್ಲೂ ಇರುವುದಿಲ್ಲವಾದ್ದರಿಂದ ಅವರಿಂದಲೇ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಸ್ಕ್ಯಾನಿಂಗ್ ವಿಷಯ ಇಷ್ಟು: ಪತ್ರಗಳಿಗೆ 400, ಫೋಟೋಗಳಿಗೆ 600 ಡಿಪಿಐ ಸಾಕು, ಕಾಯ್ದಿಡುವ ಪ್ರತಿ ಟಿಫ್ ರೂಪದಲ್ಲಿರಲಿ, ಹಂಚುವುದಕ್ಕೆ ಜೆಪೆಗ್ ಮಾಡಿಕೊಳ್ಳಿ. ಹಿಂಬದಿಯಲ್ಲಿ ಏನೂ ಬರೆದಿಲ್ಲವೆಂದು ತೋರಿದರೂ ಅದನ್ನೂ ಸ್ಕ್ಯಾನ್ ಮಾಡಿ. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ.

ಪ್ರಶ್ನೆ: ನನ್ನ ಬಳಿ ದೇಶ ವಿಭಜನೆಗೆ ಮುಂಚಿನ ಡೆಹ್ರಾಡೂನ್ ಕಾಲೇಜಿನ ಫೋಟೋ ಇದೆ. ಅದರಲ್ಲಿರುವ ಕೆಲವರು ಮುಂದೆ ಪಾಕಿಸ್ತಾನದ ಸೇನೆಗೆ ಹೋದರು. ಹೀಗಿರುವಾಗ ಅದನ್ನು ಸಾರ್ವಜನಿಕವಾಗಿ ಹಂಚಿಕೊಳ್ಳುವುದು ಸರಿಯೇ? ಶಿಕ್ಷೆಯ ರಿಜಿಸ್ಟರಿನ ಕೆಲವು ಪುಟಗಳ ನಕಲೂ ಇದೆ. (ಧಾರವಾಡ)

ಉತ್ತರ: ಫೋಟೋವನ್ನು ಖಂಡಿತ ಹಂಚಿಕೊಳ್ಳಿ, ಒಬ್ಬರನ್ನೂ ಕತ್ತರಿಸದೆ. 1947ರ ನವೆಂಬರ್ 3ರಂದು ಕಾಶ್ಮೀರದ ಬದ್ಗಾಮ್‌ನಲ್ಲಿ ಪ್ರಾಣ ಕೊಟ್ಟು ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮ ಈ ಕಾಲೇಜಿನವರು. ಪಾಕಿಸ್ತಾನದ ಸೇನೆಯಲ್ಲಿ ಜನರಲ್ ಆಗಿ, ಮುಂದೆ ವಿದೇಶಾಂಗ ಸಚಿವರಾದ ಸಾಹಿಬ್‌ಜಾದಾ ಯಾಕೂಬ್ ಖಾನ್ ಕೂಡ ಇಲ್ಲಿಯವರೇ. 1957ರಲ್ಲಿ ತಿಮ್ಮಯ್ಯನವರು ಭಾರತದ ಭೂಸೇನೆಯ ಮುಖ್ಯಸ್ಥರಾದರೆ, ಅದೇ ವರ್ಷ ಇದೇ ಕಾಲೇಜಿನ ಅಸ್ಘರ್ ಖಾನ್ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾದರು. ನಿಮ್ಮ ಫೋಟೋ ತೆಗೆದ ದಿನ ಆ ಹುಡುಗರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅಡಿಟಿಪ್ಪಣಿಯಲ್ಲಿ ಮೊದಲು ಅಂದಿನ ಹೆಸರು, ಊರು ಮತ್ತು ವರ್ಷ ಇರಲಿ. ಮುಂದೆ ಯಾರು ಎತ್ತ ಹೋದರೆಂಬುದನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಲಾಹೋರಿನಲ್ಲೋ ಕರಾಚಿಯಲ್ಲೋ ಇರುವ ಮೊಮ್ಮಗಳೊಬ್ಬಳು ಅದನ್ನು ನೋಡಿ, ನಿಮಗೆ ಗೊತ್ತಿಲ್ಲದ ಮುಖಕ್ಕೆ ಹೆಸರು ಕೊಡುವ ಸಾಧ್ಯತೆಯೂ ಇದೆ.

ಶಿಕ್ಷೆಯ ಪುಟಗಳ ಮಾತು ಬೇರೆ. ಹದಿಮೂರರ ಹುಡುಗ ಸೇಬು ಕದ್ದು ಏಟು ತಿಂದದ್ದನ್ನು ಅವನ ಮಕ್ಕಳ ಕಣ್ಣಿಗೆ ಬೀಳುವಂತೆ ತೂಗುಹಾಕುವ ಹಕ್ಕು ನಮಗಿಲ್ಲ. ಆರೋಗ್ಯದ ವಿವರ, ಶಿಕ್ಷೆ, ಮನೆಯ ಆದಾಯ ಬರೆದ ಪುಟಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಯಾವ ವರ್ಷ ತೆರೆಯಬಹುದೆಂದು ಮೇಲೆ ಬರೆದಿಡಿ. ಆದರೆ ಹರಿದು ಎಸೆಯಬೇಡಿ. ಆ ಕಾಲದಲ್ಲಿ ಶಿಸ್ತು ಹೇಗೆ ನಡೆಯುತ್ತಿತ್ತೆಂದು ಮುಂದೊಂದು ದಿನ ತಿಳಿಯಬಯಸುವವರಿಗೆ ಬೇರೆ ಸಾಕ್ಷಿಯಿರುವುದಿಲ್ಲ. ಆ ನಕಲು ನಿಮ್ಮ ಕೈಗೆ ಹೇಗೆ ಬಂತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೇ ಇಡಿ.