ನಮ್ಮ ಕಡೆಯೂ ಮನೆಯಿಂದಲೇ ನಡೆಯುತ್ತಿದ್ದ ರೇಡಿಯೋ ಸ್ಟೇಷನ್ ಇತ್ತಾ?

ಅಮೆರಿಕದ ಸಣ್ಣ ಊರುಗಳಲ್ಲಿ ಒಂದೇ ಮನೆತನದವರು ನಡೆಸುವ ಎಎಂ (ಹಳೇ ಮೀಡಿಯಂ ವೇವ್) ರೇಡಿಯೋ ಸ್ಟೇಷನ್‌ಗಳಿವೆಯಂತೆ, ನಮ್ಮ ಕಡೆ ಅಂಥದ್ದು ಯಾಕಿಲ್ಲ ಅಂತ ಕೇಳಿದ್ದೀರಿ. ಒಂದು ಇತ್ತು, ಮೈಸೂರಿನಲ್ಲಿ. ಅದರ ಹೆಸರು ನಿಮಗೆ ಗೊತ್ತೇ ಇದೆ: ಆಕಾಶವಾಣಿ.

ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಪ್ರೊಫೆಸರ್ ಇದ್ದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದವರು. ಪಾಠ ಮಾಡುತ್ತಿದ್ದದ್ದು ಮನಶ್ಶಾಸ್ತ್ರ, ಹುಚ್ಚು ಮಾತ್ರ ನಾಟಕ ಮತ್ತು ರೇಡಿಯೋದ್ದು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಿಂದಲೇ ಪ್ರಸಾರ ಶುರು ಮಾಡಿಬಿಟ್ಟರು. ಸರ್ಕಾರಿ ರೇಡಿಯೋಗೆ ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬಂದದ್ದೇ 1936ರ ಜೂನ್‌ನಲ್ಲಿ. ಮೊದಮೊದಲು ಕುವೆಂಪು ಅಲ್ಲಿಂದ ಕವಿತೆ ಓದಿದ್ದರು ಅಂತ ಮೈಸೂರಿನ ಹಿರಿಯರು ಈಗಲೂ ಹೇಳುತ್ತಾರೆ.

ಮೊದಲ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ನಾನು ಚಿಕ್ಕವನಿದ್ದಾಗ ನಮ್ಮ ಬಚ್ಚಲುಮನೆಯಲ್ಲಿ ಇದ್ದ ಬಲ್ಬೇ 40 ವ್ಯಾಟಿನದು, ನೀವೇ ಲೆಕ್ಕ ಹಾಕಿ! ಆಮೇಲೆ 250 ವ್ಯಾಟಿನದು ಬಂತು. ಆದರೂ ಕೇಳಿಸುತ್ತಿತ್ತು, ಯಾಕೆಂದರೆ ಆಗ ಗಾಳಿಯಲ್ಲಿ ಗಲಾಟೆ ಕಡಿಮೆ. ಎಎಂನಲ್ಲಿ ಮಾತು ಸಾಗುವುದು ಅಲೆಯ ಜೋರು ಹೆಚ್ಚುಕಮ್ಮಿ ಆಗುವುದರಿಂದ. ಎಲ್ಲೋ ಒಂದು ಕಿಡಿ ಹಾರಿದರೂ ರೇಡಿಯೋ ಅದನ್ನೂ ಮಾತು ಅಂತಲೇ ತಿಳಿಯುತ್ತದೆ. ನಮ್ಮಮ್ಮ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದ ತಕ್ಷಣ ಪ್ರದೇಶ ಸಮಾಚಾರ ಪೂರ್ತಿ ಗೊರಗೊರ. ಅಜ್ಜ ಒಳಗಿಂದ ಕೂಗುತ್ತಿದ್ದರು, "ಒಂದೈದು ನಿಮಿಷ ತಡಿಯಮ್ಮಾ, ಮಳೆ ಸುದ್ದಿ ಬರ್ತಿದೆ!" ಎಫ್‌ಎಂ ಕೇಳಿ ಬೆಳೆದವರಿಗೆ ಈ ಜಗಳ ಗೊತ್ತಿರಲಿಕ್ಕಿಲ್ಲ.

ಸರಿ, ವಿಷಯಕ್ಕೆ ಬರೋಣ. ದುಡ್ಡು ಎಲ್ಲಿಂದ ಬಂತು? ಹೆಚ್ಚುಕಮ್ಮಿ ಅವರ ಜೇಬಿನಿಂದಲೇ. ನನಗೆ ಜಾಸ್ತಿ ಆಶ್ಚರ್ಯ ಆಗೋದು ಇಲ್ಲಿ. 1927ರಲ್ಲಿ ಬಾಂಬೆ, ಕಲ್ಕತ್ತಾಗಳಲ್ಲಿ ದೊಡ್ಡದಾಗಿ ಶುರುವಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರು ವರ್ಷ ತುಂಬುವುದರೊಳಗೆ ಬಾಗಿಲು ಹಾಕಿತ್ತು. ಇಲ್ಲಿ ಒಬ್ಬ ಮೇಷ್ಟ್ರು ಸಂಬಳ ನಂಬಿಕೊಂಡು ಸುಮಾರು ಆರು ವರ್ಷ ಎಳೆದರು. ಮೈಸೂರು ಸಂಸ್ಥಾನವಾಗಿದ್ದದ್ದೂ ಅನುಕೂಲವಾಗಿರಬೇಕು. ಬ್ರಿಟಿಷರ ನೇರ ಆಡಳಿತದಲ್ಲಿದ್ದ ಊರಾಗಿದ್ದರೆ ಮನೆಯಲ್ಲಿ ಹೀಗೆ ಸುಮ್ನೆ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳಲು ಬಿಡುತ್ತಿದ್ದರು ಅಂತ ನನಗನ್ನಿಸೋದಿಲ್ಲ.

ಮನೆಯ ಸ್ಟೇಷನ್ ಮನೆತನದ ಸ್ಟೇಷನ್ ಆಗಲಿಲ್ಲ. 1940ರ ದಶಕದ ಶುರುವಿನಲ್ಲಿ ಮಹಾರಾಜರ ಸರ್ಕಾರ ವಹಿಸಿಕೊಂಡಿತು. ಹಾಸ್ಯ ಸಾಹಿತಿ ನಾ. ಕಸ್ತೂರಿ ಅಲ್ಲಿ ಕೆಲಸ ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಅವರೇ ಇಟ್ಟದ್ದು ಅನ್ನುವವರೂ ಇದ್ದಾರೆ, ಆ ವಾದ ಮೈಸೂರಿನಲ್ಲಿ ಮುಗಿಯುವಂಥದ್ದಲ್ಲ. 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು. 1955ರಲ್ಲಿ ಬೆಂಗಳೂರಿಗೆ ಎತ್ತಿಕೊಂಡು ಹೋದರು. 1957ರ ಹೊತ್ತಿಗೆ ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಅನ್ನೋ ಹೆಸರಾಯಿತು.

ಆಮೇಲೆ ಯಾಕೆ ಅಂಥದ್ದು ಇನ್ನೊಂದು ಹುಟ್ಟಲಿಲ್ಲ ಅಂದರೆ, ಕಾನೂನು. ಗಾಳಿಯ ಅಲೆ ಸರ್ಕಾರದ ಸ್ವತ್ತಲ್ಲ, ಜನರದ್ದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಮೊದಲ ಖಾಸಗಿ ಎಫ್‌ಎಂ ಬಂದದ್ದು 2001ರಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲೇ. ಆದರೆ ಅದು ಹರಾಜಿನ ಆಟ, ತಾಲೂಕು ಊರಿನ ಒಂದು ಕುಟುಂಬಕ್ಕೆ ಎಟುಕುವಂಥದ್ದಲ್ಲ. ಎಎಂ ಅಂತೂ ಖಾಸಗಿಯವರಿಗೆ ಕೊಡಲೇ ಇಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರು 2003ರ ಸುಮಾರಿಗೆ 'ನಮ್ಮ ಧ್ವನಿ' ಶುರು ಮಾಡಿದಾಗ ಲೈಸೆನ್ಸ್ ಇರಲಿಲ್ಲ. ಕೇಬಲ್ ಟಿವಿ ತಂತಿಯಲ್ಲೇ ಕಾರ್ಯಕ್ರಮ ಮನೆಮನೆಗೆ ಕಳಿಸಿದರು. ಗೋಪಾಲಸ್ವಾಮಿಯವರ ಥರದ ಜನ ಅಂದರೆ ಇವರೇ, ಅಲ್ವಾ?

ಮೈಸೂರಿಗೆ ಬಂದರೆ ಯಾದವಗಿರಿಯ ಆಕಾಶವಾಣಿ ಕೇಂದ್ರದ ಮುಂದೆ ಇಳಿದುಕೊಳ್ಳಿ. ವಿಠಲ ವಿಹಾರ ಇದ್ದದ್ದು ಅಲ್ಲಿಂದ ಕೂಗಳತೆಯ ದೂರದಲ್ಲಿ.